ಕತ್ತಿ ಏಣಿಯ ಹಬ್ಬಕ್ಕೆ ಮಗಳನ್ನು ಕಳಿಸಬಹುದಾ?

ಪ್ರಶ್ನೆ: ಸರ್, ನಾವು ಹಾಸನದವರು. ಮಗಳು ಚೀನಾದ ಯುನ್ನಾನ್ ಪ್ರಾಂತ್ಯದ ದಾಲಿಯಲ್ಲಿ ಎಂಬಿಬಿಎಸ್ ಓದ್ತಿದ್ದಾಳೆ. ಬರೋ ಮಾರ್ಚ್‌ನಲ್ಲಿ ಗೆಳತಿಯರ ಜೊತೆ ಯಿ ಬುಡಕಟ್ಟಿನವರ ಕತ್ತಿ ಹಬ್ಬ ನೋಡೋಕೆ ಹೋಗ್ತೀನಿ ಅಂತಿದ್ದಾಳೆ. ಅವಳು ಕಳಿಸಿದ ವಿಡಿಯೋ ನೋಡಿದಾಗಿಂದ ನನಗೆ ನಿದ್ದೆ ಇಲ್ಲ. ಗಂಡಸರು ಕತ್ತಿ ಹಿಡಿದು ಕುಣಿತಾರೆ, ಆಮೇಲೆ ಅವನ್ನೇ ಕಂಬಕ್ಕೆ ಕಟ್ಟಿ ಬರಿಗಾಲಲ್ಲಿ ಹತ್ತುತ್ತಾರೆ, ರಾತ್ರಿ ಕೆಂಡದಲ್ಲಿ ಕುಣಿತಾರೆ. ನಮ್ಮೆಜಮಾನ್ರು "ಅದೆಲ್ಲ ಮೊಂಡು ಕತ್ತಿ, ಟೂರಿಸ್ಟರಿಗೆ ಮಾಡೋ ನಾಟಕ" ಅಂತಾರೆ. ನಮ್ಮತ್ತೆ "ಅವರ ಮೈಮೇಲೆ ದೇವರು ಬಂದಿರುತ್ತೆ, ಹೊರಗಿನವರು ಹತ್ರ ಹೋಗಬಾರದು" ಅಂತಾರೆ. ಇದರ ಮಧ್ಯೆ ಮಗಳ ಕ್ಲಾಸ್‌ಮೇಟ್ ಒಬ್ಬ "ಟೂರಿಸ್ಟ್ ಜಾಗಗಳಲ್ಲಿ ನಾವೂ ಹತ್ತಬಹುದಂತೆ" ಅಂದಿದ್ದಾನಂತೆ. ಯಾರ ಮಾತು ನಂಬೋದು? ಕಳಿಸಲಾ, ಬೇಡವಾ?

ಉತ್ತರ: ಮೊದಲು ಕೊನೆಯ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ, ಆಮೇಲೆ ಉಳಿದದ್ದು ಸಮಾಧಾನವಾಗಿ ಓದಿ. ನೋಡಲು ಕಳಿಸಿ. ಹತ್ತಲು ಬೇಡ, ಯಾವ ಕಾರಣಕ್ಕೂ ಬೇಡ. ಮತ್ತೆ, ನೀವು ಹೆದರಬೇಕಾಗಿರುವುದು ಕತ್ತಿಗಲ್ಲ, ಆ ಊರಿಗೆ ಹೋಗುವ ರಸ್ತೆಗೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಆಚರಣೆ, ಜಾತ್ರೆ, ಮೈದುಂಬುವುದು, ಇವುಗಳನ್ನೇ ಓದಿ ಪಾಠ ಹೇಳಿ ಬದುಕಿದವನು ನಾನು. ಇಂಥ ವಿಡಿಯೋ ನೋಡಿದವರು ಸಾಮಾನ್ಯವಾಗಿ ನಿಮ್ಮ ಯಜಮಾನರ ಕಡೆ ಇರುತ್ತಾರೆ, ಇಲ್ಲವೇ ನಿಮ್ಮ ಅತ್ತೆಯವರ ಕಡೆ. ಒಂದೋ ಮೋಸ, ಇಲ್ಲ ಪವಾಡ. ಈ ಹಬ್ಬದಲ್ಲಿ ಎರಡೂ ಅಲ್ಲ.

ಯಾವ ಹಬ್ಬ ಅನ್ನೋದನ್ನು ಮೊದಲು ಬಿಡಿಸಿಕೊಳ್ಳೋಣ. ಮಾರ್ಚ್ ಅಂದಿದ್ದೀರಿ, ಕತ್ತಿ ಕಂಬ ಅಂದಿದ್ದೀರಿ, ಹಾಗಾಗಿ ಇದು ಚೀನೀ ಪಂಚಾಂಗದ ಎರಡನೇ ತಿಂಗಳ ಎಂಟನೇ ದಿನ ನಡೆಯುವ ಕತ್ತಿ ಕಂಬದ ಹಬ್ಬ. ಅವರ ತಿಂಗಳೂ ಅಮಾವಾಸ್ಯೆಯಿಂದಲೇ ಶುರುವಾಗುತ್ತದೆ, ಆದ್ದರಿಂದ ನಮ್ಮ ಲೆಕ್ಕದಲ್ಲಿ ಅದು ಸುಮಾರಾಗಿ ಶುಕ್ಲ ಪಕ್ಷದ ಅಷ್ಟಮಿಯ ಆಸುಪಾಸು ಬೀಳುತ್ತೆ. 2026ರಲ್ಲಿ ಮಾರ್ಚ್ 26, ಅಂದರೆ ನಮ್ಮ ಯುಗಾದಿ ಆಗಿ ಸರಿಯಾಗಿ ಒಂದು ವಾರಕ್ಕೆ. 2027ರಲ್ಲಿ ಮಾರ್ಚ್ 15. ನಡೆಯುವ ಜಾಗ ಯುನ್ನಾನ್‌ನ ಪಶ್ಚಿಮ ತುದಿ, ಮ್ಯಾನ್ಮಾರ್ ಗಡಿಗೆ ಅಂಟಿಕೊಂಡಿರುವ ನುಜಿಯಾಂಗ್ ಕಣಿವೆಯ ಲುಶುಯಿ. ನುಜಿಯಾಂಗ್ ಅಂದರೆ ಮುಂದೆ ಮ್ಯಾನ್ಮಾರ್‌ಗೆ ಇಳಿದು ಸಾಲ್ವಿನ್ ಅನ್ನಿಸಿಕೊಳ್ಳುವ ಅದೇ ಹೊಳೆ. ದಕ್ಷಿಣಕ್ಕೆ ತೆಂಗ್‌ಚೋಂಗ್ ಪಟ್ಟಣದ ಕಡೆ, ಲಿಸು ಅನ್ನೋ ಬುಡಕಟ್ಟಿನವರ ಹಳ್ಳಿಗಳಲ್ಲೂ ಮಾಡುತ್ತಾರೆ.

ಮಗಳು "ಯಿ ಜನರ ಹಬ್ಬ" ಅಂದಿದ್ದು ಪೂರ್ತಿ ತಪ್ಪೂ ಅಲ್ಲ, ಪೂರ್ತಿ ಸರಿಯೂ ಅಲ್ಲ. ಈ ಹಬ್ಬ ಮುಖ್ಯವಾಗಿ ಲಿಸು ಜನರದ್ದು. ಲುಶುಯಿ ಸುತ್ತಮುತ್ತ ಅವರ ಜೊತೆ ಬದುಕುವ ಯಿ ಜನರೂ ಇದನ್ನು ತಮ್ಮ ಹಬ್ಬ ಅಂತಲೇ ಮಾಡುತ್ತಾರೆ. 2006ರಲ್ಲಿ ಚೀನಾ ಸರ್ಕಾರ ತನ್ನ ದೇಶದ ಪರಂಪರೆಗಳ ಮೊದಲ ಪಟ್ಟಿ ಮಾಡಿದಾಗ ಇದನ್ನು ಲಿಸುಗಳ ಹೆಸರಲ್ಲಿ ಸೇರಿಸಿತು. ಯಿ ಜನರ ಹೆಸರಲ್ಲಿ ಅದೇ ಪಟ್ಟಿಗೆ ಸೇರಿದ್ದು ಪಂಜಿನ ಹಬ್ಬ. ಎರಡೂ ಜನರ ಭಾಷೆಗಳು ಒಂದೇ ಕುಟುಂಬದವು, ಬೆಟ್ಟಗಳೂ ಅಕ್ಕಪಕ್ಕ. ಹಾಗಾಗಿ ವಿಡಿಯೋ ಹಾಕುವವರು ಹೆಸರು ಅದಲು ಬದಲು ಮಾಡುವುದು ದಿನಾ ನಡೆಯುತ್ತೆ. ಯಿ ಜನ ದೊಡ್ಡ ಸಂಖ್ಯೆಯವರು, 2020ರ ಜನಗಣತಿಯಲ್ಲಿ 98 ಲಕ್ಷದ ಮೇಲೆ. ಲಿಸುಗಳು ಏಳೂವರೆ ಲಕ್ಷದ ಸುತ್ತ. ದೊಡ್ಡವರ ಹೆಸರು ಮೊದಲು ಬಾಯಿಗೆ ಬರುತ್ತೆ, ಅಷ್ಟೇ.

ಅಂದಹಾಗೆ, ಲಿಸು ಜನ ನಮ್ಮ ದೇಶದಲ್ಲೂ ಇದ್ದಾರೆ. ಅರುಣಾಚಲದ ಚಾಂಗ್‌ಲಾಂಗ್ ಜಿಲ್ಲೆಯ ವಿಜಯನಗರದ ಕಡೆ ಇರುವ ಯೋಬಿನ್ ಅನ್ನಿಸಿಕೊಳ್ಳುವವರು ಅವರೇ. ಅವರಲ್ಲಿ ಹೆಚ್ಚಿನವರು ಕ್ರೈಸ್ತರು. ನುಜಿಯಾಂಗ್‌ನಲ್ಲೂ ಲಿಸುಗಳಲ್ಲಿ ತುಂಬಾ ಜನ ಕ್ರೈಸ್ತರೇ, ಚರ್ಚಿನಲ್ಲಿ ನಾಲ್ಕು ದನಿಯಲ್ಲಿ ಹಾಡುವುದಕ್ಕೆ ಆ ಕಣಿವೆ ಹೆಸರುವಾಸಿ. ಕತ್ತಿ ಏಣಿ ಹತ್ತುವುದು ಅವರಿಗೆ ಬೇಡದ ವಿಷಯ. ಆದ್ದರಿಂದ "ಲಿಸುಗಳೆಲ್ಲ ಕತ್ತಿ ಹತ್ತುತ್ತಾರೆ" ಅಂತ ಮಗಳು ಅಲ್ಲಿ ಹೋಗಿ ಎದುರಿಗೆ ಸಿಕ್ಕವರನ್ನೆಲ್ಲ "ನೀವು ಹತ್ತಿದ್ದೀರಾ?" ಅಂತ ಕೇಳುವುದು ಬೇಡ.

ಈಗ ವಿಡಿಯೋದಲ್ಲಿ ನೀವು ನೋಡಿದ್ದರ ವಿಷಯ. ವಿಡಿಯೋಗಳು ಹತ್ತುವುದನ್ನು ಮಾತ್ರ ತೋರಿಸುತ್ತವೆ, ಅದಕ್ಕಿಂತ ಮುಂಚಿನದ್ದನ್ನು ಕತ್ತರಿಸಿ ಬಿಸಾಕಿರುತ್ತಾರೆ. ನನಗೆ ಆಸಕ್ತಿ ಇರುವುದು ಆ ಬಿಸಾಕಿದ ಭಾಗದಲ್ಲೇ. ಪದ್ಧತಿ ಪ್ರಕಾರ ಮಾಡಿದರೆ ಇದಕ್ಕೆ ಒಂದು ಉದ್ದನೆಯ ಕ್ರಮ ಇದೆ. ಹೂ ಆಯುತ್ತಾರೆ, ಕತ್ತಿ ಆಯುತ್ತಾರೆ, ಆ ಕತ್ತಿ ಹಿಡಿದು ಕುಣಿಯುತ್ತಾರೆ, ಹೂವನ್ನು ಬರಮಾಡಿಕೊಳ್ಳುತ್ತಾರೆ, ಗದ್ದುಗೆ ಹಾಕುತ್ತಾರೆ, ಕಂಬಕ್ಕೆ ಪೂಜೆ ಮಾಡುತ್ತಾರೆ, ಕಂಬ ನಿಲ್ಲಿಸುತ್ತಾರೆ, ಡ್ರ್ಯಾಗನ್‌ಗೆ ಪೂಜೆ ಕೊಡುತ್ತಾರೆ. ಇಷ್ಟಾದ ಮೇಲೆ ಹತ್ತುವುದು. ಹತ್ತಿ ಮುಗಿದ ಮೇಲೆ ಕತ್ತಿಗಳನ್ನು ಬಿಚ್ಚಿ ಇಳಿಸುವುದಕ್ಕೂ ಒಂದು ವಿಧಿ. ಕೆಂಡಕ್ಕೆ ಇಳಿಯುವುದು ಇದೇ ಸರಣಿಯ ಇನ್ನೊಂದು ಭಾಗ. ಲುಶುಯಿ ಕಡೆ ಅದನ್ನು ಹಿಂದಿನ ರಾತ್ರಿಯೇ ಮಾಡುತ್ತಾರೆ.

ಏಣಿ ಅಂದರೆ ಎರಡು ಉದ್ದನೆಯ ಮರದ ಕಂಬ, ಸುಮಾರು 20 ಮೀಟರ್, ನಮ್ಮ ಕಡೆಯ ಆರು ಮಹಡಿ ಕಟ್ಟಡದಷ್ಟು ಎತ್ತರ. ಅವುಗಳ ನಡುವೆ ಮೆಟ್ಟಿಲಿನ ಥರ ಉದ್ದ ಕತ್ತಿಗಳು, ಬಾಯಿ ಮೇಲಕ್ಕೆ. ಸಾಮಾನ್ಯವಾಗಿ 36, ಕೆಲವು ಕಡೆ 72. ಈ ಸಂಖ್ಯೆಗಳು ಲಿಸುಗಳ ಕಣಿವೆಯಲ್ಲಿ ಹುಟ್ಟಿದ್ದಲ್ಲ, ಚೀನಾದ ಹಳೆಯ ಧರ್ಮವಾದ ದಾವೊ ಪಂಥದ ಲೆಕ್ಕದಲ್ಲಿ 36 ಮತ್ತು 72 ಎರಡೂ ದೇವಗಣಗಳ ಸಂಖ್ಯೆ. ಹತ್ತುವವನು ಕಂಬದ ಕೆಳಗೆ ಮಂಡಿಯೂರಿ, ಬಟ್ಟಲು ತಲೆಯ ಮೇಲೆತ್ತಿ, ಮಂತ್ರ ಹೇಳಿ, ಮದ್ಯ ಕುಡಿದು, ಬರಿಗಾಲಲ್ಲಿ ಏರುತ್ತಾನೆ. ತುದಿಗೆ ಹೋಗಿ ನಾಲ್ಕು ದಿಕ್ಕಿಗೂ ಚಿಕ್ಕ ಬಾವುಟ ಎಸೆಯುತ್ತಾನೆ, ಪಟಾಕಿ ಹಚ್ಚುತ್ತಾನೆ. ಪರಂಪರೆಯಲ್ಲಿ ಹತ್ತುವವರು ಗಂಡಸರೇ.

ನಿಮ್ಮ ಯಜಮಾನರ ಮಾತಿಗೆ ಬರೋಣ. ಕತ್ತಿ ಮೊಂಡಾ? ಹಳ್ಳಿಯ ಹಬ್ಬದಲ್ಲಿ ಅಲ್ಲ. ಹತ್ತುವ ಮುಂಚೆ ಕಾಗದವನ್ನೋ ಸೊಪ್ಪನ್ನೋ ಆ ಕತ್ತಿಯಿಂದ ಸೀಳಿ ತೋರಿಸುವುದು ವಾಡಿಕೆ, ಅದರಲ್ಲಿ ಕೈಚಳಕ ಏನಿಲ್ಲ. ಹಾಗಾದರೆ ಕಾಗದ ಸೀಳಿದ ಕತ್ತಿ ಕಾಲನ್ನು ಯಾಕೆ ಸೀಳಲ್ಲ? ಇದಕ್ಕೆ ಉತ್ತರ ನಿಮ್ಮ ಅಡಿಗೆಮನೆಯಲ್ಲೇ ಇದೆ. ಈಳಿಗೆಮಣೆ ಮುಂದೆ ಕೂತು ಒಂದು ಹಣ್ಣಾದ ಟೊಮೇಟೊವನ್ನು ಅಲುಗಿನ ಮೇಲೆ ನೇರವಾಗಿ ಮೆಲ್ಲಗೆ ಒತ್ತಿ. ಸಿಪ್ಪೆ ಒಳಗೆ ಹೋಗುತ್ತೆ, ತಗ್ಗಾಗುತ್ತೆ, ತಕ್ಷಣಕ್ಕೆ ಕೊಯ್ಯಲ್ಲ. ಈಗ ಅದೇ ಒತ್ತಡದಲ್ಲಿ ಸ್ವಲ್ಪ ಎಳೆಯಿರಿ. ಸರಕ್ಕನೆ ಎರಡು ಹೋಳು. ಅಲುಗು ಕೊಯ್ಯುವುದು ಮುಖ್ಯವಾಗಿ ಜಾರುವಾಗ. ನೇರ ಒತ್ತಿದರೆ ಕೊಯ್ಯಲು ಬೇಕಾದ ಬಲ ಎಷ್ಟೋ ಪಟ್ಟು ಜಾಸ್ತಿ. ಕಾಗದವನ್ನು ಸೀಳಿ ತೋರಿಸುವಾಗ ಅವರು ಎಳೆಯುತ್ತಾರೆ. ಹತ್ತುವಾಗ ಕಾಲನ್ನು ಮೇಲಿನಿಂದ ನೇರ ಇಡುತ್ತಾರೆ, ನೇರ ಎತ್ತುತ್ತಾರೆ, ಒಂದು ಕೂದಲೆಳೆಯಷ್ಟೂ ಉಜ್ಜಲ್ಲ. ಎರಡೂ ನಿಜ, ಮೋಸ ಎಲ್ಲೂ ಇಲ್ಲ.

ಇದರ ಜೊತೆಗೆ ಭಾರದ ಲೆಕ್ಕ. ಎರಡು ಕೈ ಮೇಲಿನ ಕತ್ತಿಗಳನ್ನು ಹಿಡಿದಿರುತ್ತವೆ ಅಥವಾ ಪಕ್ಕದ ಕಂಬಕ್ಕೆ ಆತಿರುತ್ತವೆ, ಮೈಭಾರದಲ್ಲಿ ಒಂದು ಪಾಲು ಅಲ್ಲಿ ಹೋಯಿತು. ಪಾದ ಇಡುವಾಗ ಬೆರಳಿನ ತುದಿ ಇಡಲ್ಲ, ಅಂಗಾಲನ್ನು ಅಗಲವಾಗಿ, ಸಾಧ್ಯವಾದಷ್ಟು ಓರೆಯಾಗಿ ಇಡುತ್ತಾರೆ. ಅಲುಗಿನ ಉದ್ದಕ್ಕೆ ಜಾಸ್ತಿ ಚರ್ಮ ತಾಗಿದಷ್ಟೂ ಒಂದೊಂದು ಬಿಂದುವಿಗೆ ಬೀಳುವ ಭಾರ ಕಮ್ಮಿ. ಅವಸರ ಇಲ್ಲ, ಜಿಗಿತ ಇಲ್ಲ. ಹತ್ತಿರದಿಂದ ನೋಡಿದರೆ ಇದು ಕಾಣುತ್ತೆ. ಕಾಲು ಅಲುಗಿನ ಮೇಲೆ ಕೂತ ಮೇಲೆ ಒಂದು ಗಳಿಗೆ ಹಾಗೇ ಇರುತ್ತೆ, ಹಿಮ್ಮಡಿ ಅಲ್ಲಾಡಲ್ಲ, ಆಮೇಲೆ ನಿಧಾನಕ್ಕೆ ಮೊಣಕಾಲು ನೇರವಾಗುತ್ತೆ. ಮೇಲಕ್ಕೆ ಹೋಗುವುದೆಲ್ಲ ತೊಡೆಯ ಬಲದಲ್ಲಿ. ಕುಣಿತದಲ್ಲಿ ಅಷ್ಟು ಬಿರುಸಾಗಿ ಕತ್ತಿ ಬೀಸಿದ ಅದೇ ಮನುಷ್ಯ ಇಲ್ಲಿ ಇಷ್ಟು ಮೆಲ್ಲಗೆ ಆಗಿಬಿಡುತ್ತಾನಲ್ಲ ಅನ್ನಿಸುತ್ತೆ.

ಕೆಲವರು ಹೇಳುವ ಇನ್ನೆರಡು ವಿವರಣೆ ಇವೆ. ಒಂದು, ಬೆಟ್ಟದ ಜನ, ಅಂಗಾಲು ದಪ್ಪ ಅಂತ. ಹಿಂದೆ ಇದ್ದೀತು. ಈಗ ಅಲ್ಲಿನ ಹುಡುಗರೂ ವರ್ಷಪೂರ್ತಿ ಸ್ಪೋರ್ಟ್ಸ್ ಶೂ ಹಾಕಿಕೊಂಡೇ ಓಡಾಡುತ್ತಾರೆ, ಆದರೂ ಹತ್ತುತ್ತಾರೆ. ಅಂಗಾಲು ದಪ್ಪ ಇದ್ದರೆ ಅನುಕೂಲ, ಆದರೆ ಗುಟ್ಟು ಅದಲ್ಲ. ಎರಡನೇದು, ಏನೋ ಗಿಡಮೂಲಿಕೆ ಹಚ್ಚಿಕೊಳ್ಳುತ್ತಾರೆ ಅಂತ. ಉಕ್ಕಿನ ಅಲುಗನ್ನು ತಡೆಯುವ ಮೂಲಿಕೆ ಇಲ್ಲ. ಕಾಲು ಒಣಗಿರಬೇಕು ಅನ್ನೋದು ಮಾತ್ರ ನಿಜ, ಒದ್ದೆ ಚರ್ಮ ಮೆತ್ತಗಾಗಿ ಬೇಗ ಕುಯ್ಯುತ್ತೆ, ಜಾರುತ್ತೆ ಕೂಡ.

ಇಲ್ಲಿ ನನ್ನದೇ ಒಂದು ಅಭಿಪ್ರಾಯ ಹೇಳುತ್ತೇನೆ. ಮೇಲೆ ಹೇಳಿದ ಆ ಉದ್ದನೆಯ ಕ್ರಮವನ್ನು ಇನ್ನೊಮ್ಮೆ ನೋಡಿ. ಅಲುಗು ಜಾರಿದರೆ ಕಾಲು ಹೋಯಿತು, ಹಾಗಾದರೆ ಕಾಲು ಜಾರಬಾರದು, ಕತ್ತಿಯೂ ಅಲ್ಲಾಡಬಾರದು. ಕಟ್ಟು ಸಡಿಲವಾಗಿ ಕತ್ತಿ ಒಂದು ಬೆರಳಿನಷ್ಟು ತಿರುಗಿದರೂ ಮುಗೀತು. ಅಂದಮೇಲೆ ಕತ್ತಿ ಆಯುವ ವಿಧಿ ಯಾಕಿದೆ? ಒಂದೊಂದು ಕತ್ತಿಯನ್ನೂ ಕೈಯಲ್ಲಿ ಹಿಡಿದು ಕುಣಿಯುವುದು ಯಾಕೆ? ಕುಣಿಯುವಾಗ ಹಿಡಿ ಗಟ್ಟಿ ಇದೆಯಾ, ಅಲುಗು ಬಾಗಿದೆಯಾ, ತೂಕ ಎಷ್ಟು, ಎಲ್ಲ ಕೈಗೆ ಗೊತ್ತಾಗುತ್ತೆ. ಕಂಬಕ್ಕೆ ಪೂಜೆ ಅಂದರೆ ಊರಿನ ಹಿರಿಯರು ಆ ಮರವನ್ನು ಬುಡದಿಂದ ತುದಿತನಕ ನೋಡಿದ್ದಾರೆ ಅಂತ ಅರ್ಥ. ಹತ್ತುವವರು ಮುಂಚಿತವಾಗಿ ಕೆಲವು ದಿನ ವ್ರತದಲ್ಲಿರುತ್ತಾರೆ, ಅಂದರೆ ಗಲಾಟೆ, ನಿದ್ದೆಗೇಡು, ಮನಸ್ಸಿನ ಚಂಚಲ ಇಲ್ಲದೆ ಬಂದಿರುತ್ತಾರೆ. ಅವರಿಗೆ ಅದು ದೇವರ ಕೆಲಸ. ನನ್ನ ಕಣ್ಣಿಗೆ ಅದರೊಳಗೇ ಸುರಕ್ಷತೆಯ ತಪಾಸಣೆಯೂ ಹೆಣೆದುಕೊಂಡಿದೆ. ಈ ಕ್ರಮವನ್ನು ಕಿತ್ತುಹಾಕಿ ಏಣಿಯೊಂದನ್ನೇ ಉಳಿಸಿಕೊಂಡರೆ ಉಳಿಯುವುದು ಬರೀ ಅಪಾಯ. ಇದನ್ನು ನೆನಪಿಟ್ಟುಕೊಳ್ಳಿ, ಟೂರಿಸ್ಟ್ ಜಾಗಗಳ ಏಣಿಯ ವಿಷಯ ಬಂದಾಗ ಬೇಕಾಗುತ್ತೆ.

ಅತ್ತೆಯವರು ಹೇಳಿದ್ದರಲ್ಲೂ ಅರ್ಧ ಸರಿ ಇದೆ. ಹತ್ತುವವರು ಸುಮ್ನೆ ಸಾಹಸಿಗಳಲ್ಲ, ಅವರನ್ನು ಶಿಯಾಂಗ್‌ತೊಂಗ್ ಅಂತ ಕರೆಯುತ್ತಾರೆ, ಗುರುವಿನ ಹತ್ತಿರ ಕಲಿತು ದೇವರ ಕೆಲಸಕ್ಕೆ ನಿಂತವರು. ದೇವರು ಕಾಯುತ್ತಾನೆ ಅಂತ ಅವರು ನಂಬುತ್ತಾರೆ, ಕೆಲವರಿಗೆ ಮೈದುಂಬುವುದೂ ಉಂಟು. ವೀರಭದ್ರನ ಕೊಂಡ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದರಿಂದ ನೋಡುವವರಿಗೆ ಕೆಟ್ಟದಾಗುತ್ತೆ ಅನ್ನೋ ಭಯಕ್ಕೆ ಆಧಾರ ಇಲ್ಲ. ಇದು ಬಚ್ಚಿಟ್ಟು ಮಾಡುವ ಮಾಟ ಅಲ್ಲ. ಊರೆಲ್ಲ ಸೇರಿ, ಬೇರೆ ಊರಿನವರನ್ನೂ ಕರೆದು, ಹಾಡಿ ಕುಣಿದು ಊಟ ಹಾಕಿ ಮಾಡುವ ಜಾತ್ರೆ. ಗದ್ದುಗೆಯ ಹತ್ತಿರ ಹೋಗದೆ ದೂರ ನಿಲ್ಲಿ ಅನ್ನುತ್ತಾರೆ, ಅಷ್ಟು ಮಾತ್ರ. ಅದು ಯಾವ ಗುಡಿಯಲ್ಲೂ ಇರುವ ನಿಯಮ.

ಈ ಹಬ್ಬ ಯಾಕೆ ಅಂತ ಮಗಳು ಕೇಳಿದರೆ ಅಲ್ಲಿ ಯಾರಾದರೂ ಒಂದು ಕತೆ ಹೇಳುತ್ತಾರೆ. ಮಿಂಗ್ ವಂಶದ ಕಾಲದಲ್ಲಿ ವಾಂಗ್ ಜಿ ಅನ್ನೋ ಯುದ್ಧ ಮಂತ್ರಿ ಗಡಿಗೆ ಬಂದು ಲಿಸುಗಳ ಜೊತೆ ನಿಂತು ಶತ್ರುಗಳನ್ನು ಓಡಿಸಿದ, ಜನಕ್ಕೆ ಬೇಸಾಯ ಕಲಿಸಿದ, ಅಸೂಯೆಪಟ್ಟ ಮಂತ್ರಿಗಳು ಅವನನ್ನು ರಾಜಧಾನಿಗೆ ಕರೆಸಿ ಎರಡನೇ ತಿಂಗಳ ಎಂಟರಂದು ಔತಣದಲ್ಲಿ ವಿಷ ಹಾಕಿ ಕೊಂದರು, ಸುದ್ದಿ ಕೇಳಿದ ಲಿಸುಗಳು ಅವನಿಗಾಗಿ ಕತ್ತಿಯ ಬೆಟ್ಟ ಏರಲೂ ಬೆಂಕಿಯ ಸಮುದ್ರ ಇಳಿಯಲೂ ಸಿದ್ಧ ಅಂತ ಶಪಥ ಮಾಡಿದರು. ಕಂಬದ ಕೆಳಗೆ ಅವನ ಚಿತ್ರ ಇಟ್ಟು ನಮಸ್ಕಾರ ಮಾಡುವುದನ್ನೂ ನೋಡಬಹುದು. ವಾಂಗ್ ಜಿ ನಿಜವಾಗಿ ಇದ್ದ ಮನುಷ್ಯ. 1440ರ ದಶಕದಲ್ಲಿ ಆ ಗಡಿಯಲ್ಲಿದ್ದ ಲುಚುವಾನ್ ಅನ್ನೋ ರಾಜ್ಯದ ಮೇಲೆ ಮಿಂಗ್ ಸೈನ್ಯ ನಡೆಸಿದ ದಂಡಯಾತ್ರೆಗಳಿಗೆ ಅವನೇ ಮುಖಂಡ. ಆದರೆ ವಿಷ ಕುಡಿದು ಸಾಯಲಿಲ್ಲ. ದಂಡಯಾತ್ರೆ ಮುಗಿದು ಹತ್ತು ವರ್ಷ ದಾಟಿದ ಮೇಲೆ, 1460ರಲ್ಲಿ, ಎಂಬತ್ತು ಕಳೆದ ವಯಸ್ಸಿನಲ್ಲಿ ಸತ್ತ. ಮಧ್ಯೆ 1457ರಲ್ಲಿ ಪದಚ್ಯುತ ಚಕ್ರವರ್ತಿಯನ್ನು ಮತ್ತೆ ಸಿಂಹಾಸನಕ್ಕೆ ತಂದವರ ಗುಂಪಿನಲ್ಲೂ ಇದ್ದ, ಅಂದರೆ ರಾಜಕೀಯದಲ್ಲಿ ಚೆನ್ನಾಗಿಯೇ ಈಜಿದ ಆಸಾಮಿ.

ಹಾಗಂತ ಕತೆ ಸುಳ್ಳು, ಹಬ್ಬ ಸುಳ್ಳು ಅನ್ನೋದು ದಡ್ಡತನ. ಕತ್ತಿ ಏಣಿ ಹತ್ತುವುದು ಲಿಸುಗಳದ್ದು ಮಾತ್ರ ಅಲ್ಲ. ಮಿಯಾವೊ ಜನ, ಯಾವೊ ಜನ ಮಾಡುತ್ತಾರೆ, ತೈವಾನಿನ ದಾವೊ ಪುರೋಹಿತರು ದೀಕ್ಷೆಯಲ್ಲಿ ಮಾಡುತ್ತಾರೆ, ಥಾಯ್ಲೆಂಡಿನ ಫುಕೆಟ್‌ನಲ್ಲಿ ಚೀನೀ ಮೂಲದವರು ಒಂಬತ್ತನೇ ತಿಂಗಳ ಸಸ್ಯಾಹಾರ ವ್ರತದಲ್ಲಿ ಮಾಡುತ್ತಾರೆ. 36ರ ಲೆಕ್ಕವನ್ನೂ ಸೇರಿಸಿ ನೋಡಿದರೆ, ದಕ್ಷಿಣ ಚೀನಾದಲ್ಲೆಲ್ಲ ಹರಡಿದ್ದ ಒಂದು ವಿಧಿಯನ್ನು ಲಿಸುಗಳು ತಮ್ಮದಾಗಿಸಿಕೊಂಡು, ಅದಕ್ಕೆ ತಮ್ಮ ಗಡಿಯ ಒಬ್ಬ ವೀರನ ಕತೆಯನ್ನು ಸೇರಿಸಿದರು ಅನ್ನೋದು ನನಗೆ ಒಪ್ಪುವ ಮಾತು. ದೇಶಭಕ್ತಿಯ ಕತೆ ಇದ್ದದ್ದರಿಂದ ಹಬ್ಬಕ್ಕೂ ಲಾಭ ಆಯಿತು. ಮಾವೊ ಕಾಲದ ಸಾಂಸ್ಕೃತಿಕ ಕ್ರಾಂತಿಯಲ್ಲಿ (1966-76) ಇಂಥವನ್ನೆಲ್ಲ ಮೂಢನಂಬಿಕೆ ಅಂತ ನಿಲ್ಲಿಸಿದ್ದರು. ಆಮೇಲೆ ತಲೆ ಎತ್ತುವಾಗ ದೇವರಿಗಿಂತ ಗಡಿ ಕಾಯ್ದ ವೀರನ ಹೆಸರು ಹೇಳುವುದು ಸುಲಭ ಅಲ್ವಾ?

ಕೆಂಡದ ವಿಷಯ ಬೇಗ ಮುಗಿಸುತ್ತೇನೆ, ನಿಮಗೆ ಕೊಂಡ ಹಾಯುವುದು ಹೊಸದಲ್ಲ. ಇದ್ದಿಲು ಶಾಖವನ್ನು ತುಂಬಾ ನಿಧಾನವಾಗಿ ದಾಟಿಸುತ್ತೆ, ಮೇಲೆ ಬೂದಿ ಬೇರೆ ಇರುತ್ತೆ, ಒಂದೊಂದು ಹೆಜ್ಜೆ ತಾಗುವುದು ಸೆಕೆಂಡಿಗಿಂತ ಕಮ್ಮಿ. ಅದಕ್ಕೇ ನಡೆದವರ ಕಾಲು ಉಳಿಯುತ್ತೆ, ನಿಂತವರದ್ದು ಸುಡುತ್ತೆ. ಲಿಸುಗಳು ಬರೀ ನಡೆಯಲ್ಲ, ಕಿಡಿ ಹಾರಿಸಿ ಕುಣಿಯುತ್ತಾರೆ, ಕೆಂಡವನ್ನು ಕೈಯಲ್ಲಿ ತಗೊಂಡು ಆಡಿಸುತ್ತಾರೆ. ಅಲ್ಲೂ ಗುಟ್ಟು ಅದೇ, ಯಾವುದೂ ಒಂದು ಕಡೆ ನಿಲ್ಲಬಾರದು.

ಹಾಗಾದರೆ ಯಾರಿಗೂ ಏನೂ ಆಗಲ್ವಾ ಅಂದರೆ, ಆಗುತ್ತೆ. ಕುಯ್ದುಕೊಳ್ಳುವವರಿದ್ದಾರೆ, ಸುಟ್ಟುಕೊಳ್ಳುವವರಿದ್ದಾರೆ. ವಿಜ್ಞಾನದ ವಿವರಣೆ ಇದೆ ಅಂದ ಮಾತ್ರಕ್ಕೆ ಸುಲಭ ಅಂತಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನಿಮ್ಮ ಮಗಳ ಕ್ಲಾಸ್‌ಮೇಟ್ ಥರದ ಓದಿದ ಹುಡುಗರೇ ಇಲ್ಲಿ ಎಡವುವುದು. "ಓ, ಜಾರದಿದ್ದರೆ ಸಾಕು ತಾನೇ" ಅಂತ ಅರ್ಥ ಮಾಡಿಕೊಂಡು ಕಾಲಿಡುತ್ತಾರೆ. ನೆಲದಿಂದ ಎರಡನೇ ಮೆಟ್ಟಿಲಿಗೆ ನೋವು ಶುರುವಾಗುತ್ತೆ. ನೋವಾದಾಗ ಮನುಷ್ಯನ ಕಾಲು ತಾನಾಗಿ ಸೆಳೆದುಕೊಳ್ಳುತ್ತೆ, ಅದು ನಮ್ಮ ಹಿಡಿತದಲ್ಲಿಲ್ಲ. ಸೆಳೆದುಕೊಳ್ಳುವುದು ಅಂದರೆ ಜಾರುವುದು. ಶಿಯಾಂಗ್‌ತೊಂಗ್ ವರ್ಷಗಟ್ಟಲೆ ಕಲಿಯುವುದು ಆ ಒಂದು ಸೆಳೆತವನ್ನು ಅದುಮುವುದನ್ನೇ.

ಗುಂಪಿನ ಹುಮ್ಮಸ್ಸೂ ಒಂದು ಸೆಳೆತ. ಸ್ಪೇನ್‌ನ ಸಾನ್ ಪೆದ್ರೊ ಮಾನ್ರಿಕೆ ಅನ್ನೋ ಊರಲ್ಲಿ ಕೆಂಡ ಹಾಯುವವರ ಮತ್ತು ನೋಡುವವರ ಎದೆಬಡಿತ ಅಳೆದ ಒಂದು ಅಧ್ಯಯನ 2011ರಲ್ಲಿ ಬಂತು. ಹಾಯುವವನ ನೆಂಟರು ಸ್ನೇಹಿತರು ಸುಮ್ಮನೆ ಕೂತಿದ್ದರೂ ಅವರ ಎದೆಬಡಿತ ಹಾಯುವವನ ಬಡಿತದ ಜೊತೆಗೇ ಏರಿ ಇಳಿಯಿತು, ಸಂಬಂಧ ಇಲ್ಲದ ಪ್ರೇಕ್ಷಕರದ್ದು ಹಾಗೆ ಆಗಲಿಲ್ಲ. ಅಂದರೆ ಜೊತೆಗಿರುವ ಗೆಳೆಯ ಒಬ್ಬ ಹತ್ತಿದ ಅಂದರೆ ನಿಮ್ಮ ಮಗಳ ಮೈಯೂ ಬಿಸಿಯಾಗುತ್ತೆ. ಅಲ್ಲಿ ಹೋದ ಮೇಲೆ ತೀರ್ಮಾನ ಮಾಡೋದು ಬೇಡ, ಹತ್ತಲ್ಲ ಅನ್ನೋದು ಹಾಸ್ಟೆಲ್‌ನಲ್ಲೇ ತೀರ್ಮಾನ ಆಗಲಿ.

ಪ್ರವಾಸಿಗರಿಗೆ ಹತ್ತಲು ಬಿಡುವ ಏಣಿಗಳ ಬಗ್ಗೆ ನನ್ನ ಮಾತು ಖಡಾಖಂಡಿತ. ಅಲುಗು ಚೂಪಿದ್ದರೆ ಕಾಲಿಗೆ ಅಪಾಯ. ಮೊಂಡಿದ್ದರೂ ಎತ್ತರದ ಅಪಾಯ ಹಾಗೇ ಇದೆ. ಬೆಲ್ಟು, ಹಗ್ಗ, ಕೆಳಗೆ ಹಾಸಿಗೆ ಇಲ್ಲದಿದ್ದರೆ ಎರಡಾಳು ಎತ್ತರದಿಂದ ಬಿದ್ದರೂ ಬೆನ್ನುಮೂಳೆ ಹೋಗಬಹುದು. ಇನ್ನೊಂದನ್ನು ನಿಮ್ಮ ಮಗಳೇ ನಿಮಗಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾಳೆ. ಒಂದೇ ಅಲುಗಿನ ಮೇಲೆ ಹತ್ತಾರು ಜನ ಬರಿಗಾಲು ಇಡುತ್ತಾರೆ. ಒಬ್ಬರದ್ದು ಸಣ್ಣಗೆ ಗೀರಿ ರಕ್ತ ಬಂದಿದ್ದರೂ ಮುಂದಿನವರಿಗೆ ಹೆಪಟೈಟಿಸ್ ಬಿ, ಸಿ ಅಂಟುವ ದಾರಿ ಆಯಿತು. ಹಳ್ಳಿಯಲ್ಲಿ ಹತ್ತುವವರು ಕೆಲವೇ ಜನ, ಒಬ್ಬರಿಗೊಬ್ಬರು ಗೊತ್ತಿರುವವರು. ಟಿಕೆಟ್ ಏಣಿಯಲ್ಲಿ ಮುಂಚೆ ಯಾರು ಹತ್ತಿದ್ದರೋ ಯಾರಿಗೆ ಗೊತ್ತು?

ಇನ್ನು ನೋಡುವುದಕ್ಕೆ ಎಲ್ಲಿ ಹೋಗಬೇಕು ಅನ್ನೋದು. ಲುಶುಯಿಗೇ ಹೋದರೆ ಹಬ್ಬ ಹಬ್ಬದ ದಿನವೇ ಸಿಗುತ್ತೆ, ಜನ ಜಾಸ್ತಿ, ಸರ್ಕಾರದ ವೇದಿಕೆ, ಭಾಷಣ ಎಲ್ಲ ಇರುತ್ತೆ, ಆದರೂ ಕತ್ತಿ ಕುಣಿತದಿಂದ ಹಿಡಿದು ಪೂರ್ತಿ ನೋಡುವ ಅವಕಾಶ ಅಲ್ಲೇ. ತೆಂಗ್‌ಚೋಂಗ್ ಕಡೆ ಹೋದರೆ ಪಟ್ಟಣ ಚೆನ್ನಾಗಿದೆ, ವಿಮಾನ ನಿಲ್ದಾಣವೂ ಇದೆ, ಉಳಿಯಲು ತೊಂದರೆ ಇಲ್ಲ, ಹೆಣ್ಣುಮಕ್ಕಳ ಗುಂಪಿಗೆ ನಾನು ಹೇಳುವುದು ಇದನ್ನೇ. ಅಷ್ಟು ದೂರ ಬೇಡ ಅಂದರೆ ಕುನ್‌ಮಿಂಗ್‌ನ ದಿಯಾನ್ ಸರೋವರದ ದಡದಲ್ಲಿರುವ ಯುನ್ನಾನ್ ಜನಾಂಗಗಳ ಗ್ರಾಮದಲ್ಲಿ ಲಿಸುಗಳ ವಿಭಾಗ ಇದೆ, ಅಲ್ಲಿ ಇದನ್ನು ಪ್ರದರ್ಶನವಾಗಿ ತೋರಿಸುತ್ತಾರೆ. ನಿಮ್ಮ ಯಜಮಾನರು ಹೇಳುವ "ನಾಟಕ" ಅದು, ಆದರೆ ಮಾಡುವವರು ಕಲಿತವರೇ. ಹಬ್ಬದ ಊಟ, ಗದ್ದಲ, ಕಾಯುವಿಕೆ ಯಾವುದೂ ಇರಲ್ಲ, ನನಗೆ ಅದು ಸಪ್ಪೆ.

ಅವಳಿಗೆ ನಿಜವಾಗಿ ಯಿ ಜನರ ಹಬ್ಬವೇ ನೋಡಬೇಕಿದ್ದರೆ ಮಾರ್ಚ್ ಬಿಟ್ಟು ಮಳೆಗಾಲಕ್ಕೆ ಕಾಯಲಿ. ಆರನೇ ತಿಂಗಳ 24ಕ್ಕೆ ಪಂಜಿನ ಹಬ್ಬ, 2026ರಲ್ಲಿ ಆಗಸ್ಟ್ 6. ಚುಶಿಯೊಂಗ್ ಅಂತ ಯಿ ಜನರ ಸ್ವಾಯತ್ತ ಪ್ರಾಂತ ಇದೆ, ದಾಲಿಯಿಂದ ಕುನ್‌ಮಿಂಗ್‌ಗೆ ಹೋಗುವ ರೈಲಿನ ದಾರಿಯಲ್ಲೇ ಸಿಗುತ್ತೆ. ರಾತ್ರಿ ಊರಿಗೆ ಊರೇ ಪಂಜು ಹಿಡಿದು ಹೊಲ ಸುತ್ತುತ್ತೆ, ಹುಳುಹುಪ್ಪಟೆ, ಪೀಡೆ ಓಡಲಿ ಅಂತ. ಬಿಮೊ ಅನ್ನೋ ಪುರೋಹಿತರು ಯಿ ಲಿಪಿಯ ಗ್ರಂಥ ನೋಡಿ ಮಂತ್ರ ಓದುತ್ತಾರೆ. ಅದೇ ಪ್ರಾಂತದ ಲುಫೆಂಗ್ ಕಡೆಯ ಹಳ್ಳಿಗಳಲ್ಲಿ ಈ ಹಬ್ಬಕ್ಕೆ ದೊಡ್ಡ ಕತ್ತಿ ಹಿಡಿದು ಕುಣಿಯುವ ಕುಣಿತವೂ ಇದೆ. ಏಣಿ ಇಲ್ಲ, ಹತ್ತುವುದಿಲ್ಲ, ನಿಮ್ಮ ಎದೆಬಡಿತಕ್ಕೆ ಒಳ್ಳೆಯದು.

ಈಗ ರಸ್ತೆ. ನುಜಿಯಾಂಗ್ ಕಣಿವೆ ಅಂದರೆ ಒಂದು ಕಡೆ ಗಾವೊಲಿಗೊಂಗ್ ಬೆಟ್ಟ, ಇನ್ನೊಂದು ಕಡೆ ಬಿಲುವೊ ಬೆಟ್ಟ, ನಡುವೆ ಹೊಳೆ, ಹೊಳೆಯ ಪಕ್ಕ ರಸ್ತೆ. ಕಣಿವೆಯ ಮೇಲ್ಭಾಗದಲ್ಲಿ ಮುಂಗಾರಿಗೆ ಮುಂಚೆಯೇ, ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಒಂದು ಮಳೆಗಾಲ ಬಂದು ಹೋಗುತ್ತೆ. ಹಬ್ಬ ಬೀಳುವುದು ಸರಿಯಾಗಿ ಆಗಲೇ. ಗುಡ್ಡ ಕುಸಿಯುತ್ತೆ, ಬಂಡೆ ಉರುಳುತ್ತೆ. ಲುಶುಯಿಯ ಮುಖ್ಯ ಪಟ್ಟಣ ಲಿಯುಕು ತನಕ ದೊಡ್ಡ ರಸ್ತೆ ಇದೆ, ಅಲ್ಲಿವರೆಗೆ ಚಿಂತೆ ಇಲ್ಲ. ಅಲ್ಲಿಂದ ಉತ್ತರಕ್ಕೆ "ಇನ್ನೂ ಒಂದು ಚೆಂದದ ಹಳ್ಳಿ ಇದೆ, ನೋಡಿಕೊಂಡು ಬರೋಣ" ಅಂತ ಯಾರೋ ಸಿಕ್ಕವರ ವ್ಯಾನಿನಲ್ಲಿ ಕತ್ತಲಲ್ಲಿ ಹೊರಡುತ್ತಾರಲ್ಲ, ಅದನ್ನು ಮಾತ್ರ ಮಾಡಬಾರದು. ಹಗಲಲ್ಲಿ ಹೋಗಿ ಹಗಲಲ್ಲಿ ಬರಲಿ, ಬಸ್ಸಿನಲ್ಲಿ. ಹಬ್ಬದ ದಿನ ಮೆಕ್ಕೆಜೋಳದ ಮದ್ಯವನ್ನು ಬಟ್ಟಲಿಗೆ ಸುರಿದು ಎಲ್ಲರಿಗೂ ಕೊಡುತ್ತಾರೆ, ಪ್ರೀತಿಯಿಂದಲೇ. ಬೇಡ ಅಂತ ನಕ್ಕು ಕೈಮುಗಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಆದರೆ ಕುಡಿದ ಡ್ರೈವರ್‌ನ ಗಾಡಿ ಹತ್ತುವುದಿದೆಯಲ್ಲ, ಅದು ಕತ್ತಿ ಏಣಿಗಿಂತ ಕೆಟ್ಟದ್ದು.

ಗಡಿ ಪ್ರದೇಶ ಆದ್ದರಿಂದ ದಾರಿಯಲ್ಲಿ ಪೊಲೀಸ್ ತಪಾಸಣೆ ಇರುತ್ತೆ. ಪಾಸ್‌ಪೋರ್ಟಿನ ಫೋಟೊ ಸಾಲದು, ಅಸಲಿಯೇ ಜೊತೆಗಿರಬೇಕು, ಅದು ಅಲ್ಲಿನ ಕಾನೂನು. ಹೋಟೆಲ್ ಬಿಟ್ಟು ಯಾರದೋ ಮನೆಯಲ್ಲಿ ಉಳಿದರೆ 24 ಗಂಟೆ ಒಳಗೆ ಪೊಲೀಸರ ಹತ್ತಿರ ಹೆಸರು ಬರೆಸಬೇಕು, ಇದನ್ನು ವಿದ್ಯಾರ್ಥಿಗಳು ಮರೆತು ಆಮೇಲೆ ವೀಸಾ ಹೊತ್ತಿಗೆ ಪೇಚಾಡುತ್ತಾರೆ. ಕಾಲೇಜಿಗೆ ಹೇಳಿಯೇ ಹೋಗಲಿ.

ಅಲ್ಲಿ ನಿಂತು ನೋಡುವಾಗ ಮೂರ್ನಾಲ್ಕು ಮಾತು ನೆನಪಿಟ್ಟರೆ ಸಾಕು. ಕತ್ತಿಗಳನ್ನು ಮುಟ್ಟಬಾರದು, ಕುಣಿತದ ಮುಂಚೆಯಂತೂ ಮುಟ್ಟಲೇಬಾರದು. ಗದ್ದುಗೆ ಮತ್ತು ಕಂಬದ ನಡುವೆ ಅಡ್ಡ ಓಡಾಡಬಾರದು. ಹತ್ತುವವನ ಮುಖಕ್ಕೆ ಫ್ಲ್ಯಾಶ್ ಬೇಡ, ಡ್ರೋನ್ ಅಂತೂ ಬೇಡವೇ ಬೇಡ. 20 ಮೀಟರ್ ಮೇಲೆ ಒಂದು ಕ್ಷಣ ಗಮನ ತಪ್ಪಿದರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ. ಕತ್ತಿ ಕುಣಿತಕ್ಕೆ ಎಷ್ಟು ಜಾಗ ಬಿಟ್ಟಿರುತ್ತಾರೋ ಅಷ್ಟು ಬಿಟ್ಟು ನಿಲ್ಲಬೇಕು, ಮುಂದಿನ ಸಾಲಿಗೆ ನುಗ್ಗುವುದು ಬೇಡ. ತುದಿಯಲ್ಲಿ ಪಟಾಕಿ ಹಚ್ಚುವಾಗ ಕಂಬದ ನೇರ ಕೆಳಗೆ ಇರಬಾರದು, ಕಿಡಿ ಉದುರುತ್ತೆ.

ಇಷ್ಟು ಓದಿ ಮಗಳಿಗೆ ಫೋನ್ ಮಾಡುವಾಗ "ಹೋಗಬೇಡ" ಅಂತ ಶುರು ಮಾಡಬೇಡಿ, ಅವಳು ಹೇಳದೆ ಹೋಗಿಬಿಟ್ಟರೆ ನಿಮಗೆ ಇನ್ನೂ ಕಷ್ಟ. ಯಾವ ಊರು, ಯಾವ ಬಸ್ಸು, ಎಲ್ಲಿ ಉಳಿಯುತ್ತಾರೆ, ಜೊತೆಗೆ ಚೆನ್ನಾಗಿ ಚೀನೀ ಮಾತಾಡುವವರು ಯಾರಿದ್ದಾರೆ, ಇಷ್ಟು ಕೇಳಿ. ಟಿಟಿ ಇಂಜೆಕ್ಷನ್ ಕೊನೆಯ ಸಲ ಯಾವಾಗ ತಗೊಂಡಿದ್ದು ಅಂತಲೂ ಕೇಳಿ. ಅವಳು ನಕ್ಕರೆ ನಗಲಿ. ಆ ಕ್ಲಾಸ್‌ಮೇಟ್ ಹುಡುಗನೂ ಜೊತೆಗೆ ಹೊರಟಿದ್ದರೆ ಅವನಿಗೂ ಇದನ್ನು ಓದಿಸಲು ಹೇಳಿ, ಈಳಿಗೆಮಣೆ ಭಾಗ ಬಿಟ್ಟು, ಸೆಳೆತದ ಭಾಗವನ್ನು.